ಯಾವ ಶೀರ್ಷಿಕೆ ಒತ್ತಿದರೂ ಮೊದಲ ವಿಭಾಗವೇ ತೆರೆಯುತ್ತಿದೆ, ಏಕೆ?

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನವನು. ನಮ್ಮ ಸುತ್ತಲಿನ ತೊಗರಿ ಬೆಳೆಗಾರರಿಗಾಗಿ ಒಂದು ಜಾಲಪುಟ ಮಾಡುತ್ತಿದ್ದೇನೆ. ಬೀಜೋಪಚಾರ (ಬಿತ್ತುವ ಮುನ್ನ ಬೀಜಕ್ಕೆ ಔಷಧ ಲೇಪಿಸುವುದು), ಕುಡಿ ಚಿವುಟುವುದು, ನೆಟೆ ರೋಗ, ಗೊಡ್ಡು ರೋಗ, ಕಾಯಿಕೊರಕ ಹೀಗೆ ಎಂಟು ಶೀರ್ಷಿಕೆಗಳಿವೆ. ಶೀರ್ಷಿಕೆ ಒತ್ತಿದರೆ ಕೆಳಗಿನ ಮಾಹಿತಿ ತೆರೆಯಬೇಕು, ಮತ್ತೆ ಒತ್ತಿದರೆ ಮುಚ್ಚಬೇಕು. ಆದರೆ ಯಾವುದನ್ನು ಒತ್ತಿದರೂ ಮೊದಲನೆಯ ಬೀಜೋಪಚಾರವೇ ತೆರೆಯುತ್ತದೆ. ಅದೂ ಕಂಪ್ಯೂಟರಿನಲ್ಲಿ ಪೂರ್ತಿ ಕಾಣಿಸಿದರೆ, ಮೊಬೈಲಿನಲ್ಲಿ ಕೊನೆಯ ನಾಲ್ಕೈದು ಸಾಲು ಕಾಣಿಸುವುದಿಲ್ಲ. ‘ಗೊಡ್ಡು ರೋಗ’ ಎಂಬ ಶೀರ್ಷಿಕೆಯಲ್ಲಿ ಒತ್ತಕ್ಷರದ ಕೆಳಭಾಗವೂ ಕತ್ತರಿಸಿ ಹೋಗಿದೆ. ಕೋಡ್ ಕಳುಹಿಸಿದ್ದೇನೆ. ದಾರಿ ತೋರಿಸಿ.

ಉತ್ತರ: ನಿಮ್ಮ ಕೋಡನ್ನು ಓದಿದೆ. ಬೀಜೋಪಚಾರದ ವಿಭಾಗವನ್ನು ಒಮ್ಮೆ ಸರಿಯಾಗಿ ಬರೆದು, ಅದನ್ನೇ ಏಳು ಬಾರಿ ನಕಲು ಮಾಡಿ, ಒಳಗಿನ ಪಠ್ಯವನ್ನು ಮಾತ್ರ ಬದಲಿಸಿದ್ದೀರಿ; ಹಾಗಾಗಿ ಎಂಟೂ ವಿಭಾಗಗಳಿಗೆ ಒಂದೇ ಐಡಿ, ಅಂದರೆ ಪುಟದ ಒಂದು ಭಾಗವನ್ನು ಗುರುತಿಸಲು ಕೋಡಿನಲ್ಲಿ ಕೊಡುವ ಹೆಸರು, ಉಳಿದುಕೊಂಡಿದೆ. ಒಂದು ಪುಟದಲ್ಲಿ ಒಂದು ಐಡಿ ಒಂದೇ ಕಡೆ ಇರಬೇಕೆಂಬುದು ನಿಯಮ. ನಿಯಮ ತಪ್ಪಿದರೂ ಬ್ರೌಸರ್ ದೂರು ಹೇಳುವುದಿಲ್ಲ, ಒತ್ತಿದಾಗ ನಡೆಯಬೇಕಾದ ಕೆಲಸವನ್ನು ಮಾಡಿಸುವ ಜಾವಾಸ್ಕ್ರಿಪ್ಟ್ ಕೋಡ್ ಆ ಐಡಿಯನ್ನು ಕೇಳಿದಾಗಲೆಲ್ಲ ಪುಟದಲ್ಲಿ ಮೊದಲು ಸಿಕ್ಕಿದ್ದನ್ನು ತೆಗೆದುಕೊಡುತ್ತದೆ. ಕಾಯಿಕೊರಕವನ್ನು ಒತ್ತಿದರೂ ಬೀಜೋಪಚಾರ ತೆರೆಯುವುದು ಇದೇ ಕಾರಣಕ್ಕೆ.

ಎಂಟಕ್ಕೂ ಬೇರೆ ಬೇರೆ ಐಡಿ ಕೊಟ್ಟರೆ ಈ ತೊಂದರೆ ಇಂದೇ ನೀಗುತ್ತದೆ. ಆದರೂ ನಾನು ಅದನ್ನು ಸಲಹೆ ಮಾಡುವುದಿಲ್ಲ, ಏಕೆಂದರೆ ನಿಮ್ಮ ಪುಟವನ್ನು ಓದುವವರು ಹೊಲದಲ್ಲಿ ನಿಂತು, ನೆಟ್‌ವರ್ಕ್ ಬಂದು ಹೋಗುವ ಜಾಗದಲ್ಲಿ ಮೊಬೈಲ್ ತೆರೆಯುವವರು. ಪುಟ ಬಂದು ಸ್ಕ್ರಿಪ್ಟಿನ ಫೈಲ್ ಬಾರದೆ ಹೋದರೆ ಅವರಿಗೆ ಎಂಟು ಶೀರ್ಷಿಕೆಗಳು ಕಾಣುತ್ತವೆಯೇ ಹೊರತು ಒಂದೂ ತೆರೆಯುವುದಿಲ್ಲ. ಇನ್ನೊಂದು ಕೊರತೆಯೂ ಇದೆ. ನೀವು ಶೀರ್ಷಿಕೆಗಳನ್ನು ಡಿವ್ ಎಂಬ ಟ್ಯಾಗಿನಲ್ಲಿ (ಪುಟದ ಭಾಗಗಳನ್ನು ಸುತ್ತುವರಿಯುವ ಗುರುತಿನಲ್ಲಿ) ಬರೆದು, ಒತ್ತಿದಾಗ ಏನಾಗಬೇಕೆಂಬುದನ್ನು ಅದಕ್ಕೆ ಜೋಡಿಸಿದ್ದೀರಿ. ನೋಡಲು ಅದು ಗುಂಡಿಯಂತಿದ್ದರೂ ಬ್ರೌಸರಿನ ಲೆಕ್ಕದಲ್ಲಿ ಬರಿಯ ಪೆಟ್ಟಿಗೆ. ಕೀಲಿಮಣೆಯ ಟ್ಯಾಬ್ ಕೀಲಿಯಿಂದ ಅಲ್ಲಿಗೆ ಹೋಗಲಾಗದು, ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಅದನ್ನು ತೆರೆಯಬಹುದಾದ ವಿಭಾಗವೆಂದು ಓದಿ ಹೇಳದು.

ಈ ಕೆಲಸಕ್ಕೆಂದೇ ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಡಿಟೇಲ್ಸ್ ಮತ್ತು ಸಮ್ಮರಿ ಎಂಬ ಎರಡು ಟ್ಯಾಗುಗಳಿವೆ. (ಇಲ್ಲಿ ಕನ್ನಡದಲ್ಲಿ ಬರೆದ ಟ್ಯಾಗುಗಳ ಹೆಸರನ್ನು ಕೋಡಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ.) ಪ್ರತಿ ವಿಭಾಗವನ್ನೂ ಒಂದು ಡಿಟೇಲ್ಸ್ ಟ್ಯಾಗಿನೊಳಗೆ ಇಟ್ಟು, ಅದರ ಮೊದಲ ಸಾಲಿನಲ್ಲಿ ಶೀರ್ಷಿಕೆಯನ್ನು ಸಮ್ಮರಿ ಟ್ಯಾಗಿನಲ್ಲಿ ಬರೆದು, ಉಳಿದ ಮಾಹಿತಿಯನ್ನು ಅದರ ಕೆಳಗೆ ಹಾಕಿದರೆ ಸಾಕು, ತೆರೆಯುವುದು, ಮುಚ್ಚುವುದು, ಶೀರ್ಷಿಕೆಯ ಪಕ್ಕದ ಬಾಣದ ಗುರುತು, ಕೀಲಿಮಣೆಯ ಬಳಕೆ ಎಲ್ಲವನ್ನೂ ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ. ಐಡಿ ಬೇಕಿಲ್ಲ, ಸ್ಕ್ರಿಪ್ಟ್ ಬೇಕಿಲ್ಲ. ಎಷ್ಟು ಬಾರಿ ನಕಲು ಮಾಡಿದರೂ ಒಂದು ವಿಭಾಗ ಇನ್ನೊಂದಕ್ಕೆ ತೊಡಕಾಗದು. ಕ್ರೋಮ್‌ನಲ್ಲಿ ಈ ಸೌಲಭ್ಯ 2011ರಿಂದ, ಫೈರ್‌ಫಾಕ್ಸ್‌ನಲ್ಲಿ 2016ರಿಂದ, ಎಡ್ಜ್‌ನಲ್ಲಿ 2020ರಿಂದ ಇರುವುದರಿಂದ ನಿಮ್ಮ ಓದುಗರ ಹಳೆಯ ಮೊಬೈಲುಗಳ ಬಗ್ಗೆಯೂ ಚಿಂತೆ ಬೇಡ.

ಬರೆಯುವಾಗ ಎರಡು ಕಡೆ ಜನ ಎಡವುವುದನ್ನು ಕಂಡಿದ್ದೇನೆ. ಸಮ್ಮರಿಯು ಡಿಟೇಲ್ಸ್‌ನ ನೇರ ಒಳಗೆ ಇರಬೇಕು. ಅಂದಕ್ಕೆಂದು ನಡುವೆ ಒಂದು ಡಿವ್ ಸೇರಿಸಿ ಅದರೊಳಗೆ ಸಮ್ಮರಿಯನ್ನು ಇಟ್ಟರೆ ಬ್ರೌಸರ್ ಅದನ್ನು ಶೀರ್ಷಿಕೆಯೆಂದು ಗುರುತಿಸದೆ ತನ್ನದೇ ಒಂದು ಪದವನ್ನು ಅಲ್ಲಿ ತೋರಿಸುತ್ತದೆ. ಎರಡನೆಯದು ಓಪನ್ ಎಂಬ ಆಟ್ರಿಬ್ಯೂಟ್, ಅಂದರೆ ಟ್ಯಾಗಿನೊಳಗೆ ಸೇರಿಸುವ ಗುಣಸೂಚಕ ಪದ. ಪುಟ ತೆರೆದಾಗಲೇ ಒಂದು ವಿಭಾಗ ತೆರೆದಿರಲಿ ಎನಿಸಿದರೆ ಡಿಟೇಲ್ಸ್‌ಗೆ ಇದನ್ನು ಸೇರಿಸುತ್ತಾರೆ. ಮುಚ್ಚಿರಲಿ ಎಂದು ಅದಕ್ಕೆ ‘ಫಾಲ್ಸ್’ ಎಂಬ ಬೆಲೆ ಕೊಟ್ಟರೆ ವಿಭಾಗ ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಆ ಪದ ಅಲ್ಲಿದೆಯೋ ಇಲ್ಲವೋ ಎಂಬುದಷ್ಟೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮುಚ್ಚಿರಬೇಕಾದರೆ ಪದವನ್ನೇ ಅಳಿಸಿ.

ಒಂದನ್ನು ತೆರೆದಾಗ ಇನ್ನೊಂದು ತಾನಾಗಿ ಮುಚ್ಚುವ ವ್ಯವಸ್ಥೆಯೂ ಈಗ ಇದೆ. ಎಲ್ಲ ಡಿಟೇಲ್ಸ್‌ಗಳಿಗೂ ಒಂದೇ ನೇಮ್ ಆಟ್ರಿಬ್ಯೂಟ್ ಕೊಟ್ಟರೆ ಅದು ಸಿದ್ಧವಾಗುತ್ತದೆ. ಕ್ರೋಮ್ ಮತ್ತು ಸಫಾರಿಗೆ 2023ರ ಕೊನೆಯಲ್ಲಿ, ಫೈರ್‌ಫಾಕ್ಸ್‌ಗೆ 2024ರಲ್ಲಿ ಇದು ಬಂತು. ನಿಮ್ಮ ಪುಟಕ್ಕೆ ಮಾತ್ರ ಇದು ಬೇಡವೆಂದು ನನ್ನ ಅಭಿಪ್ರಾಯ. ತೊಗರಿ ಗಿಡ ಸೊರಗಿ ಒಣಗುತ್ತಿದೆಯೋ, ಅಥವಾ ಹೂ, ಕಾಯಿ ಬಿಡದೆ ತಿಳಿಹಸಿರು ಎಲೆಯ ಪೊದೆಯಾಗಿ ಗೊಡ್ಡಾಗಿದೆಯೋ ಎಂದು ನೋಡುವ ರೈತರು ನೆಟೆ ರೋಗದ ವಿವರವನ್ನೂ ಗೊಡ್ಡು ರೋಗದ ವಿವರವನ್ನೂ ಒಟ್ಟಿಗೆ ತೆರೆದಿಟ್ಟು ಹೋಲಿಸಿ ಓದಬೇಕಾಗುತ್ತದೆ. ಒಂದನ್ನು ಓದುವಾಗ ಇನ್ನೊಂದು ಮುಚ್ಚಿಹೋದರೆ ಆ ಹೋಲಿಕೆ ಸಾಧ್ಯವಾಗದು.

ಇನ್ನು ಕೊನೆಯ ಸಾಲುಗಳು ಮರೆಯಾಗುವುದು. ನಿಮ್ಮ ಎಲ್ಲ ದೋಷಗಳಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದೇ, ಏಕೆಂದರೆ ಉಪಚಾರ ಮಾಡಿ ಉಳಿದ ಬೀಜವನ್ನು ಊಟಕ್ಕಾಗಲಿ ದನಗಳಿಗಾಗಲಿ ಬಳಸಬಾರದೆಂಬ ಎಚ್ಚರಿಕೆಯನ್ನು ನೀವು ಆ ಸಾಲುಗಳಲ್ಲೇ ಬರೆದಿದ್ದೀರಿ. ವಿಭಾಗವು ನಿಧಾನವಾಗಿ ಜಾರಿ ತೆರೆಯಲೆಂದು ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಕೋಡಿನಲ್ಲಿ ಗರಿಷ್ಠ ಎತ್ತರವನ್ನು 500 ಪಿಕ್ಸೆಲ್‌ಗೆ ನಿಗದಿಪಡಿಸಿ, ಮೀರಿದ್ದನ್ನು ಮರೆಮಾಡುವಂತೆ ಹೇಳಿದ್ದೀರಿ. ಅಗಲವಾದ ಕಂಪ್ಯೂಟರ್ ಪರದೆಯಲ್ಲಿ ಪಠ್ಯ ಅಷ್ಟರೊಳಗೆ ಮುಗಿಯುತ್ತದೆ. ಕಿರಿದಾದ ಮೊಬೈಲ್ ಪರದೆಯಲ್ಲಿ ಅದೇ ಪಠ್ಯ ಹೆಚ್ಚು ಸಾಲುಗಳಾಗಿ ಕೆಳಗಿಳಿದು ಮಿತಿಯನ್ನು ದಾಟುತ್ತದೆ. ಕಣ್ಣು ಮಂಜಾದ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಇನ್ನಷ್ಟು ಸಾಲು ಹೋಗುತ್ತವೆ. ಮಿತಿಯನ್ನು 1000ಕ್ಕೆ ಏರಿಸುವುದು ಪರಿಹಾರವಲ್ಲ. ಎತ್ತರದ ಮಿತಿ ಹಾಕಿದ ಆ ಕೋಡಿನ ಸಾಲನ್ನೇ ತೆಗೆದುಹಾಕಿ, ಜಾರಿ ತೆರೆಯುವ ಅಂದವನ್ನು ಬಿಟ್ಟುಬಿಡಿ.

ಒತ್ತಕ್ಷರದ ಸಮಸ್ಯೆಯ ಮೂಲವೂ ಇದಕ್ಕೆ ಹತ್ತಿರದ್ದು. ಶೀರ್ಷಿಕೆಯ ಪಟ್ಟಿಗೆ ನಿಗದಿತ ಎತ್ತರ ಕೊಟ್ಟು, ಸಾಲಿನ ಎತ್ತರವನ್ನು 1ಕ್ಕೆ, ಅಂದರೆ ಅಕ್ಷರದ ಗಾತ್ರದಷ್ಟಕ್ಕೇ, ಇಳಿಸಿದ್ದೀರಿ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಜಾಗ ಸಾಲಬಹುದು. ಕನ್ನಡದಲ್ಲಿ ಒತ್ತು ಅಕ್ಷರದ ಕೆಳಗೆ ಕೂರುವುದರಿಂದ ‘ಗೊಡ್ಡು’ ಎಂಬುದು ‘ಗೊಡು’ ಆಗಿ ಕಾಣುತ್ತಿದೆ. ನಿಗದಿತ ಎತ್ತರವನ್ನು ತೆಗೆದು, ಸಾಲಿನ ಎತ್ತರವನ್ನು 1.6ರ ಆಸುಪಾಸಿನಲ್ಲಿಟ್ಟು, ಮೇಲೆ ಕೆಳಗೆ ಸ್ವಲ್ಪ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡಿ. ಬೆರಳಿನಿಂದ ಒತ್ತಲೂ ಆಗ ಜಾಗ ಸಿಗುತ್ತದೆ.

ಯಾರಾದರೂ ಈ ಪುಟವನ್ನು ಮುದ್ರಿಸಿ ರೈತ ಸಂಪರ್ಕ ಕೇಂದ್ರದಲ್ಲೋ ಪಂಚಾಯಿತಿಯಲ್ಲೋ ಅಂಟಿಸಲು ಬಯಸಬಹುದು. ಮುಚ್ಚಿದ ವಿಭಾಗಗಳು ಕಾಗದದ ಮೇಲೂ ಮುಚ್ಚಿಯೇ ಬರುತ್ತವೆ. ಮುದ್ರಣಕ್ಕೆ ಮುನ್ನ ಎಲ್ಲವನ್ನೂ ತೆರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ಮುದ್ರಣ ಶುರುವಾಗುವ ಮುನ್ನ ಬ್ರೌಸರ್ ಕೊಡುವ ಬಿಫೋರ್‌ಪ್ರಿಂಟ್ ಎಂಬ ಸೂಚನೆಗೆ (ಇವೆಂಟಿಗೆ) ಜೋಡಿಸಬಹುದು. ಅದು ಕೆಲಸ ಮಾಡದಿದ್ದರೂ ಪುಟ ಓದಲು ಅಡ್ಡಿಯಿಲ್ಲ.

ಬದಲಾವಣೆಗಳೆಲ್ಲ ಮುಗಿದ ಮೇಲೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ, ಅಕ್ಷರದ ಗಾತ್ರವನ್ನು ಹೆಚ್ಚಿಸಿ, ಮೊಬೈಲಿನಲ್ಲಿ ಎಂಟೂ ವಿಭಾಗಗಳನ್ನು ಕೊನೆಯ ಸಾಲಿನವರೆಗೆ ಓದಿ ನೋಡಿ. ಉಳಿದ ಬೀಜದ ಎಚ್ಚರಿಕೆಯನ್ನು ಮಾತ್ರ ಮಡಚುವ ವಿಭಾಗದೊಳಗೆ ಇಡದೆ, ಎಲ್ಲ ಶೀರ್ಷಿಕೆಗಳ ಮೇಲೆ, ಏನನ್ನೂ ಒತ್ತದೆ ಕಣ್ಣಿಗೆ ಬೀಳುವಂತೆ ಬರೆಯಿರಿ.