ಕಾರ್ಬೊರೇಟರ್ ಬಿಚ್ಚೋ ಮುಂಚೆ ಟ್ಯಾಂಕ್ ಮುಚ್ಚಳ ನೋಡ್ರಿ

ಪ್ರಶ್ನೆ: ಸರ್, ನಂದು 1996ರ ಮಾರುತಿ 800, ಅಪ್ಪಾಜಿ ತಗೊಂಡಿದ್ದು, ಮಾರೋಕೆ ಮನಸ್ಸಿಲ್ಲ. ದಾವಣಗೆರೆ ಊರೊಳಗೆ ಆರಾಮಾಗಿ ಓಡ್ತೈತಿ, ಆದ್ರೆ ಚಿತ್ರದುರ್ಗಕ್ಕೆ ಹೊರಟ್ರೆ ಭರಮಸಾಗರದ ಹತ್ರ ಜರ್ಕ್ ಹೊಡಿಯೋಕೆ ಶುರು, ಆಮೇಲೆ ಪಿಕಪ್ ಹೋಗಿ ನಿಂತೇ ಬಿಡ್ತೈತಿ. ಇಪ್ಪತ್ತು ನಿಮಿಷ ಬಿಟ್ರೆ ಮತ್ತೆ ಸ್ಟಾರ್ಟ್. ಪ್ಲಗ್ ಹೊಸದು ಹಾಕ್ಸೀನಿ, ಕಾರ್ಬೊರೇಟರ್ ಎರಡು ಸಲ ಕ್ಲೀನ್ ಆಯ್ತು. ಈಗ ಹೊಸ ಕಾರ್ಬೊರೇಟರೇ ಹಾಕ್ಬೇಕು ಅಂತಾರೆ. ಹಾಕಿಸ್ಲಾ?
– ಓದುಗರು, ದಾವಣಗೆರೆ

ಉತ್ತರ: ಬ್ಯಾಡ್ರಿ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಆ ಕಾರ್ಬೊರೇಟರ್ ಸದ್ಯಕ್ಕೆ ಹೊಸದು ಹಾಕಿಸ್ಬ್ಯಾಡ್ರಿ. ಗಾಡಿ ಗ್ಯಾರೇಜಿಗೆ ಬರೋ ಹೊತ್ತಿಗೆ ಸರಿಯಾಗಿರ್ತೈತಿ, ಅಲ್ಲಿ ನೋಡಿದ್ರೆ ಏನು ಸಿಗ್ತೈತಿ? ಇಂಥ ತೊಂದ್ರೆ ನಿಂತ ಜಾಗದಲ್ಲೇ, ನಿಂತ ಆ ಎರಡು ನಿಮಿಷದಲ್ಲೇ ಹಿಡೀಬೇಕು.

ಮುಂದಿನ ಸಲ ನಿಂತ ಕೂಡ್ಲೆ ಹೈವೇಯಿಂದ ಪೂರ್ತಿ ಪಕ್ಕಕ್ಕೆ ತಗೊಂಡು ಮೊದ್ಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೀರಿ. ಸುಯ್ ಅಂತ ಗಾಳಿ ಒಳಗೆ ಎಳ್ಕೊಂಡು, ಗಾಡಿ ತಕ್ಷಣ ಸ್ಟಾರ್ಟ್ ಆದ್ರೆ ಕಳ್ಳ ಅಲ್ಲೇ ಸಿಕ್ಕ. ಟ್ಯಾಂಕಿಂದ ಪೆಟ್ರೋಲ್ ಹೋದಷ್ಟು ಗಾಳಿ ಒಳಗೆ ಬರ್ಬೇಕು, ಮುಚ್ಚಳದ್ದೋ, ಟ್ಯಾಂಕಿಗೆ ಗಾಳಿ ಬಿಡೋ ಬ್ರೀದರ್ ಪೈಪಿಂದೋ ತೂತು ಧೂಳು ತುಂಬಿ ಮುಚ್ಕೊಂಡಿದ್ರೆ ಒಳಗೆ ವ್ಯಾಕ್ಯೂಮ್ ಆಗಿ, ಟ್ಯಾಂಕಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಕಳ್ಸೋ ಪಂಪ್ ಎಷ್ಟು ಎಳೆದ್ರೂ ಪೆಟ್ರೋಲ್ ಬರಲ್ಲ, ಊರೊಳಗೆ ಐದು ನಿಮಿಷ ಓಡ್ಸಿ ನಿಲ್ಲಿಸೋದ್ರಿಂದ ಗೊತ್ತಾಗಲ್ಲ, ಮೂವತ್ತು ಕಿಲೋಮೀಟರ್ ಒಂದೇ ಸಮ ಓಡಿದಾಗ ಗೊತ್ತಾಗ್ತೈತಿ. ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಗಾಳಿ ನುಗ್ಗಿ ಮತ್ತೆ ಸರಿ. ನೀವು ಬರೆದಿದ್ದು ಓದಿದ್ರೆ ನಂಗೆ ಮೊದ್ಲು ಇದ್ರ ಮೇಲೇ ಅನುಮಾನ.

ಮುಚ್ಚಳ ತೆಗೆದ್ರೂ ಸ್ಟಾರ್ಟ್ ಆಗ್ಲಿಲ್ವಾ, ಏರ್ ಫಿಲ್ಟರ್ ಮುಚ್ಚಳ ಬಿಚ್ಚಿ, ಇಂಜಿನ್ ಆಫ್ ಇರುವಾಗ ಕಾರ್ಬೊರೇಟರ್ ಪಕ್ಕದ ಆಕ್ಸಿಲರೇಟರ್ ಲಿವರ್ ಕೈಯಲ್ಲಿ ತಿರುಗಿಸಿ ಅದ್ರ ಬಾಯೊಳಗೆ ನೋಡ್ರಿ. ಪೆಟ್ರೋಲ್ ಚಿರ್ ಅಂತ ಹಾರಿದ್ರೆ ಅಲ್ಲೀವರ್ಗೂ ಪೆಟ್ರೋಲ್ ಬಂದೈತಿ, ಆಗ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ ನೋಡಿಸ್ರಿ, ಅದೂ ಬಿಸಿಯಾದ್ರೆ ಸತ್ತು ಆರಿದ್ರೆ ಎದ್ದೇಳ್ತೈತಿ. ಆದ್ರೆ ಕಾಯಿಲ್ ಸಾಮಾನ್ಯವಾಗಿ ಒಮ್ಮೆಗೇ ಕೈ ಕೊಡ್ತೈತಿ, ಜರ್ಕ್ ಹೊಡೀತಾ ಸಾಯೋದು ಪೆಟ್ರೋಲ್ ಲಕ್ಷಣ.

ಹಾರ್ಲಿಲ್ಲ ಅಂದ್ರೆ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ನೋಡ್ರಿ. ಬೇಗ ಸ್ಟಾರ್ಟ್ ಆದ್ರೆ ಬಿಸಿಗೆ ಪೈಪಲ್ಲಿ ಪೆಟ್ರೋಲ್ ಆವಿ ಆಗ್ತೈತಿ ಅಂತ, ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಇದು ಸಹಜ.

ಮನೇಲಿ ಇಂಜಿನ್ ತಣ್ಣಗಿದ್ದಾಗ, ಗೊತ್ತಿರೋ ಮೆಕ್ಯಾನಿಕ್ ಕೈಲಿ ಇನ್ನೊಂದು ಮಾಡಿಸ್ರಿ. ಕಾಯಿಲ್ ವೈರ್ ತೆಗೆಸಿ, ಪಂಪಿಂದ ಕಾರ್ಬೊರೇಟರಿಗೆ ಹೋಗೋ ಪೈಪ್ ಬಾಟ್ಲಿಗೆ ಬಿಟ್ಟು ಸೆಲ್ಫ್ ಹೊಡೀಲಿ, ಹತ್ರ ಯಾರೂ ಬೀಡಿ ಸಿಗರೇಟ್ ಹಚ್ಬಾರ್ದು. ಪೆಟ್ರೋಲ್ ಜೋರಾಗಿ ಚಿಮ್ಮಿದ್ರೆ ಪಂಪ್ ಸರಿ ಐತಿ. ಗುಳ್ಳೆ ಗುಳ್ಳೆ ಬಂದ್ರೆ ಟ್ಯಾಂಕಿಂದ ಪಂಪಿಗೆ ಬರೋ ರಬ್ಬರ್ ಪೈಪ್ ಎಲ್ಲೋ ಬಿರುಕು ಬಿಟ್ಟೈತಿ. ಇದನ್ನ ಬಹಳ ಜನ ತಪ್ಪಿಸ್ಕೊಳ್ತಾರೆ, ಯಾಕಂದ್ರೆ ಅದು ಎಳೆಯೋ ಕಡೆ ಪೈಪು, ಬಿರುಕಿದ್ರೂ ಇಂಜಿನ್ ಓಡುವಾಗ ಹೊರಗೆ ಪೆಟ್ರೋಲ್ ಸೋರಲ್ಲ, ಗಾಳಿ ಒಳಗೆ ಹೋಗ್ತೈತಿ. ಈಗಿನ ಪೆಟ್ರೋಲಲ್ಲಿ ಶೇ. 20 ಎಥೆನಾಲ್ ಬೇರೆ, ಹಳೇ ರಬ್ಬರಿಗೆ ಅದು ಆಗಿ ಬರಲ್ಲ, ಹಂಗಾಗಿ ಹಳೇ ಪೈಪೆಲ್ಲಾ ಎಥೆನಾಲ್ ತಡೆಯೋ ಹೊಸ ಪೈಪಿಗೆ ಬದಲಾಯಿಸಿ, ಪೆಟ್ರೋಲ್ ಫಿಲ್ಟರನ್ನೂ ಹೊಸದು ಹಾಕಿಸಿಬಿಡ್ರಿ. ಇಂಜಿನ್ ಆಯಿಲಲ್ಲಿ ಪೆಟ್ರೋಲ್ ವಾಸನೆ ಬಂದ್ರೆ ಪಂಪಿನ ಡಯಾಫ್ರಮ್, ಅಂದ್ರೆ ಒಳಗಿನ ತೆಳು ಪೊರೆ, ಹರಿದಿರಬಹುದು, ಆಗ ಪಂಪ್ ಬದಲಾಯಿಸೋವರ್ಗೂ ಗಾಡಿ ಓಡಿಸ್ಬ್ಯಾಡ್ರಿ.

ಮುಚ್ಚಳ ತೆಗೆದಾಗ ಏನಾಯ್ತು ಅಂತ ತಪ್ಪದೆ ಬರೀರಿ.