ನ್ಯೂಯಾರ್ಕ್‌ನ ಸ್ಟ್ರಾಸ್ ಪಾರ್ಕಿನಲ್ಲಿ ಒರಗಿ ಕೂತಿರುವ ಹೆಣ್ಣಿನ ಪ್ರತಿಮೆ ಯಾರದ್ದು?

ಅದು ಯಾವ ರಾಣಿಯದೂ ಅಲ್ಲ, ಸಾಕ್ಷಾತ್ ‘ನೆನಪು’. ಟೈಟಾನಿಕ್ ದುರಂತದಲ್ಲಿ ತೀರಿಕೊಂಡ ಇಸಿಡೋರ್ ಮತ್ತು ಐಡಾ ಸ್ಟ್ರಾಸ್ ದಂಪತಿಗಾಗಿ ಆಗಸ್ಟಸ್ ಲೂಕ್‌ಮನ್ ಮಾಡಿದ ಕಂಚಿನ ಪ್ರತಿಮೆ. ಹಡಗು ಮುಳುಗಿ ಸರಿಯಾಗಿ ಮೂರು ವರ್ಷಕ್ಕೆ, 1915ರ ಏಪ್ರಿಲ್ 15ರಂದು ಅನಾವರಣವಾಯಿತು. ಐಡಾಗೆ ಲೈಫ್‌ಬೋಟ್‌ನಲ್ಲಿ ಜಾಗ ಇತ್ತು, ಗಂಡನನ್ನು ಬಿಟ್ಟು ಹೋಗಲು ಅವರೇ ಒಪ್ಪಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನೆನಪಿಗೆ ಹೆಣ್ಣಿನ ರೂಪ ಕೊಡುವುದು ಗ್ರೀಕರಿಂದ ಬಂದ ರೂಢಿ. ಅವರ ನೆನಪಿನ ದೇವಿ ನೆಮೋಸಿನಿ ಆಕಾಶ ಮತ್ತು ಭೂಮಿಯ ಮಗಳು, ಟೈಟನ್ ಎಂಬ ಹಳೆಯ ದೇವಕುಲದವಳು (ಹಡಗಿನ ಹೆಸರಿನ ಮೂಲವೂ ಅದೇ ಕುಲ). ದೇವತೆಗಳ ಅರಸ ಜ್ಯೂಸ್‌ನಿಂದ ಒಂಬತ್ತು ಮ್ಯೂಸ್‌ಗಳನ್ನು, ಅಂದರೆ ಹಾಡು, ಕಾವ್ಯ, ಕುಣಿತ, ಚರಿತ್ರೆಗಳ ದೇವಿಯರನ್ನು ಹೆತ್ತಳು. ಬರವಣಿಗೆ ಇಲ್ಲದ ಕಾಲದಲ್ಲಿ ಹಾಡುಗಾರನಿಗೆ ನೆನಪೇ ಬಂಡವಾಳ, ಅಲ್ವಾ? ಸತ್ತವರು ಲೀಥಿ ನದಿಯ ನೀರು ಕುಡಿದರೆ ಎಲ್ಲ ಮರೆಯುತ್ತಾರೆ, ನೆಮೋಸಿನಿಯ ಕೊಳದ್ದು ಕುಡಿದರೆ ಮರೆಯುವುದಿಲ್ಲ ಅನ್ನುವ ನಂಬಿಕೆಯೂ ಇತ್ತು. ಈ ಪ್ರತಿಮೆಯನ್ನೂ ನೀರಿನ ಕೊಳ ನೋಡುವ ಹಾಗೆಯೇ ಕೂರಿಸಿದ್ದರು.