ಗುದ್ದಲಿಗೆ ಮೊದಲು ಗರಗಸ

ಓದುಗರ ಪತ್ರ: ನನ್ನ ಊರು ತೀರ್ಥಹಳ್ಳಿ ಕಡೆ. ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಆಫೀಸಿನ ಇಬ್ಬರು ಗೆಳೆಯರ ಜತೆ ಸೇರಿ ಬೆಡ್‌ಫರ್ಡ್ ಕೌಂಟಿಯಲ್ಲಿ 42 ಎಕರೆ ಗುಡ್ಡದ ಜಮೀನು ತಗೊಂಡಿದ್ದೇವೆ, ಜಿಂಕೆ ಶಿಕಾರಿಗೆ ಅಂತಲೇ. ಹಣ್ಣು, ಕಾಯಿ ಹುಡುಕಿಕೊಂಡು ಜಿಂಕೆ ಬರಲಿ ಅಂತ ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ನರ್ಸರಿಯಿಂದ ಸೇಬು, ಓಕ್, ಚೆಸ್ಟ್‌ನಟ್ ಎಲ್ಲ ಸೇರಿ 60 ಸಸಿ ತರಿಸಿ ನೆಟ್ಟೆವು. ಮೊನ್ನೆ ಎಣಿಸಿದರೆ 9 ಉಳಿದಿವೆ. ಬೇಲಿಸಾಲಿನಲ್ಲಿ ಪರ್ಸಿಮನ್ ಅನ್ನುವ ಹಣ್ಣಿನ ಮರ ಒಂದಷ್ಟು ಮೊದಲೇ ಇವೆ, ಯಾವುದೂ ಕಾಯಿ ಬಿಡುತ್ತಿಲ್ಲ. ಯಾವ ಮರ ನೆಡಬೇಕು, ಎಷ್ಟು ನೆಡಬೇಕು? ಇನ್ನೊಂದು, ಅಮ್ಮ ಫೋನಲ್ಲಿ ‘ತಿನ್ನಿಸಿ ಕೊಲ್ಲೋದೇನೋ?’ ಅಂದರು. ಉತ್ತರ ಹೊಳೆಯಲಿಲ್ಲ. ಅಪ್ಪ ಊರಲ್ಲಿ ಗಂಡು ಜಾಯಿಕಾಯಿಗೆ ಹೆಣ್ಣಿನ ಕಸಿ ಕಟ್ಟಿದವರು, ಮೇ ತಿಂಗಳಲ್ಲಿ ಇಲ್ಲಿಗೆ ಬರುತ್ತಾರೆ. ಅವರೇ ನಿಮ್ಮ ಪತ್ರಿಕೆಗೆ ಬರೆ ಅಂದರು.

ಸಂಪಾದಕರ ಉತ್ತರ: 60 ಸಸಿಯಲ್ಲಿ 9 ಹೇಗೆ ಉಳಿದವು ಅಂತಲೇ ನನಗೆ ಅಚ್ಚರಿ. ಬೇಲಿಯಿಲ್ಲದ ಕಡೆ ಎಳೆ ಸಸಿ ನೆಡುವುದೂ ಎಲೆ ಹಾಕಿ ಊಟಕ್ಕೆ ಕರೆಯುವುದೂ ಒಂದೇ. ನೀವು ಮುಂದಿನ 10 ವರ್ಷದ ಊಟ ಬಡಿಸಲು ಹೊರಟಿರಿ, ಜಿಂಕೆಗಳು ಮೊದಲ ವರ್ಷವೇ ಉಂಡು ಹೋದವು.

ಕೆಲವು ವರ್ಷದ ಹಿಂದೆ ತಂಗಿಯ ಮನೆಗೆಂದು ಹೋಗಿ ಅಕ್ಟೋಬರ್ ಪೂರ್ತಿ ನಿಮ್ಮ ರಾಜ್ಯದಲ್ಲೇ ಇದ್ದೆ. ಪಕ್ಕದ ಜಮೀನಿನ ಅಜ್ಜ ಒಬ್ಬರು ಹಳೇ ಶಿಕಾರಿ. ಒಂದು ಬೆಳಿಗ್ಗೆ ನನ್ನನ್ನು ಅವರ ಕಾಡಿಗೆ ಕರೆದುಕೊಂಡು ಹೋದರು. ಮೇಪಲ್ ಮರಗಳ ನಡುವೆ ಸಿಕ್ಕಿಕೊಂಡು, ಬೆಳಕಿಗಾಗಿ ಕತ್ತು ಉದ್ದ ಮಾಡಿಕೊಂಡು ನಿಂತ ಒಂದು ಸೇಬಿನ ಮರ ತೋರಿಸಿದರು. ಒಂದು ಕಾಲಕ್ಕೆ ಅದು ಯಾರದೋ ಹೊಲದ ಅಂಚು. ಬೇಸಾಯ ಬಿಟ್ಟ ಮೇಲೆ ಕಾಡು ಬಂದು ಮುಚ್ಚಿಕೊಂಡಿತ್ತು. ಹಿಂದಿನ ಚಳಿಗಾಲ ಅಜ್ಜ ಅದರ ಮೂರು ಬದಿಯ ಮರ ಕಡಿದು ಬೆಳಕು ಬಿಟ್ಟಿದ್ದರಂತೆ. ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಹುಳಿ ಸೇಬು ಹತ್ತಿಪ್ಪತ್ತು ಬಿದ್ದಿದ್ದವು. ಅರ್ಧ ಕಚ್ಚಿ ಬಿಟ್ಟವೂ ಇದ್ದವು. ಸುತ್ತಲ ಕೆಸರಿನಲ್ಲಿ ಗೊರಸಿನ ಗುರುತು ಒಂದರ ಮೇಲೊಂದು.

ಕಾಫಿ ತೋಟದಲ್ಲಿ ನೆರಳಿನ ಮರದ ಕೊಂಬೆ ಸವರಿ ಬೆಳಕು ಬಿಡಲು ಮರಗಸಿ ಮಾಡುತ್ತೇವಲ್ಲ, ಅದೇ ಕೆಲಸ. ನಿಮ್ಮ ತಂದೆಯವರಿಗೆ ಒಂದು ಮಾತಲ್ಲಿ ಅರ್ಥವಾಗುತ್ತದೆ.

ಹಾಗಾಗಿ ನನ್ನ ಸಲಹೆ: ಮೊದಲು ನೆಡಬೇಡಿ, ಹುಡುಕಿ. ನಿಮ್ಮದು ಅಪಲೇಚಿಯನ್ ಬೆಟ್ಟಸಾಲಿನ ಜಮೀನು. 42 ಎಕರೆಯಲ್ಲಿ ಓಕ್ ಇಲ್ಲದಿರುವುದು ಕಷ್ಟ. ಎಲೆ ಉದುರುವ ಮೊದಲು ಒಂದು ಸುತ್ತು ಹಾಕಿ. ಎಲೆಯ ಅಂಚಿನ ಹಾಲೆಗಳು ಗುಂಡಗಿದ್ದರೆ ಬಿಳಿ ಓಕ್ ಗುಂಪಿನದು. ಚೂಪಾಗಿ, ತುದಿಯಲ್ಲಿ ಮುಳ್ಳುಗೂದಲು ಇದ್ದರೆ ಕೆಂಪು ಓಕ್ ಗುಂಪಿನದು. ಬಿಳಿ ಓಕ್‌ನ ಕಾಯಿ ಒಂದೇ ವರ್ಷದಲ್ಲಿ ಬಲಿಯುತ್ತದೆ, ಒಗರು ಕಡಿಮೆ. ಜಿಂಕೆ ಮೊದಲು ಹುಡುಕಿಕೊಂಡು ಹೋಗುವುದು ಅದನ್ನೇ. ಕೆಂಪಿನ ಕಾಯಿ ಬಲಿಯಲು ಎರಡು ವರ್ಷ ಬೇಕು, ಒಗರು ಜಾಸ್ತಿ. ಬಿಳಿಯದು ಮುಗಿದ ಮೇಲೆ, ಚಳಿ ಏರಿದಾಗ ಆ ಕಡೆ ತಿರುಗುತ್ತವೆ. ಎರಡೂ ಗುಂಪಿನ ಒಳ್ಳೆಯ ಮರಗಳಿಗೆ ಈಗಲೇ ರಿಬ್ಬನ್ ಕಟ್ಟಿ. ಚಳಿಗಾಲದಲ್ಲಿ ಅವುಗಳ ನೆತ್ತಿಗೆ ತಾಗಿ ನಿಂತ ಬೇರೆ ಮರ ತೆಗೆಸಿ. ನೀವು ನೆಟ್ಟ ಬಿಳಿ ಓಕ್ ಸಸಿ ಕಾಯಿ ಬಿಡುವ ಹೊತ್ತಿಗೆ 20 ವರ್ಷವಾದರೂ ಆಗಿರುತ್ತದೆ. ರಿಬ್ಬನ್ ಕಟ್ಟಿದ ಮರ ಮೂರ್ನಾಲ್ಕು ವರ್ಷದಲ್ಲೇ ಚೇತರಿಸಿಕೊಂಡೀತು. ಆದರೂ ಓಕ್ ವರ್ಷವರ್ಷ ಒಂದೇ ಸಮ ಬಿಡುವ ಮರವಲ್ಲ, ನಮ್ಮ ಮಾವಿನ ಹಾಗೆ. ಖಾಲಿ ವರ್ಷಕ್ಕೆ ಬೇರೆ ಹಣ್ಣು ಬೇಕು. ಹೊಸ ಸಸಿಯ ಕೆಲಸ ಅಷ್ಟೇ.

ನೆಡುವಾಗ ನೋಡಬೇಕಾದ್ದು ಹಣ್ಣು ಬೀಳುವ ತಿಂಗಳು. ಆಗಸ್ಟ್‌ನಲ್ಲೇ ಉದುರಿ ಮುಗಿಯುವ ಸೇಬು ನಿಮಗೆ ಯಾಕೆ? ಬಿಲ್ಲಿನ ಬೇಟೆಯ ಸೀಸನ್ ಶುರುವಾಗುವುದೇ ಅಕ್ಟೋಬರ್ ಮೊದಲಲ್ಲಿ, ರೈಫಲ್‌ನದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ. ಚೆಸ್ಟ್‌ನಟ್ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಳುತ್ತದೆ. ಕೀಫರ್ ಅಂತ ಒಂದು ಪೇರ್ ತಳಿ ಇದೆ. ಕಲ್ಲಿನಂಥ ಹಣ್ಣು, ತಡವಾಗಿ ಉದುರುತ್ತದೆ. ಮನುಷ್ಯರಿಗೆ ಅಷ್ಟಕ್ಕಷ್ಟೆ, ಜಿಂಕೆಗೆ ಸರಿ. ಆದರೆ ಪೇರ್ ಅಂದ ತಕ್ಷಣ ಕ್ಯಾಲರಿ ಪೇರ್ ತಂದುಬಿಟ್ಟೀರಿ! ಅದು ಕಳೆಯ ಹಾಗೆ ಹಬ್ಬುತ್ತದೆ, ನಿಮ್ಮ ರಾಜ್ಯದಲ್ಲಿ ಅದರ ಮಾರಾಟಕ್ಕೇ ನಿಷೇಧವಿದೆ. ಸೇಬಿಗೆ ರೋಗ ತಡೆಯುವ ಲಿಬರ್ಟಿ, ಎಂಟರ್‌ಪ್ರೈಸ್ ತರಹದ ತಳಿ ಕೇಳಿ. ಕಾಡಿನೊಳಗೆ ಔಷಧಿ ಹೊಡೆಯುವವರು ಯಾರು? ಗಿಡ್ಡ ಬೇರುಗಿಡದ ಮೇಲಿನ ಕಸಿ ಬೇಡ. ಜಿಂಕೆಯ ಬಾಯಿಗೆ ಎಟುಕುವ ಎತ್ತರ ದಾಟಿ ಬೆಳೆಯುವ ಗಿಡವೇ ಬೇಕು. ಸೇಬು, ಚೆಸ್ಟ್‌ನಟ್ ಎರಡಕ್ಕೂ ಜೋಡಿ ಬೇಕು. ಒಂಟಿ ಮರ ಕಾಯಿ ಕಚ್ಚುವುದಿಲ್ಲ.

ಚೆಸ್ಟ್‌ನಟ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ನಿಮ್ಮ ಗುಡ್ಡದಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕನ್ ಚೆಸ್ಟ್‌ನಟ್ ಮರಗಳು ಇದ್ದೇ ಇದ್ದವು. 1904ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿತು. ಏಷ್ಯಾದ ಗಿಡಗಳ ಜತೆ ಬಂದದ್ದು. 50 ವರ್ಷದೊಳಗೆ 300ರಿಂದ 400 ಕೋಟಿ ಮರ ಹೋದವು. ಅಡಿಕೆಗೆ ಎಲೆಚುಕ್ಕಿ ಬಂದಾಗ ನಮ್ಮವರಿಗೆ ನಿದ್ದೆ ಹತ್ತಿರಲಿಲ್ಲ ಅಲ್ವಾ? ಅಲ್ಲಿ ಒಂದು ಮರದ ಜಾತಿಯೇ ಕಾಡಿನಿಂದ ಮಾಯವಾಯಿತು. ಈಗಲೂ ಹಳೇ ಬೇರಿನಿಂದ ಚಿಗುರು ಏಳುತ್ತದೆ, ಸ್ವಲ್ಪ ಬೆಳೆಯುತ್ತದೆ, ಮತ್ತೆ ರೋಗ ತಗುಲಿ ಸಾಯುತ್ತದೆ. ನಿಮಗೆ ನಂಬಿಕೆಯ ಗಿಡ ಅಂದರೆ ರೋಗ ತಡೆಯುವ ಚೈನೀಸ್ ಚೆಸ್ಟ್‌ನಟ್ ಅಥವಾ ಅದರ ಮಿಶ್ರತಳಿ. ಹುಳಿ ಮಣ್ಣು, ನೀರು ನಿಲ್ಲದ ಇಳಿಜಾರು ಇರಲಿ.

ಇನ್ನು ಬೇಲಿ. ಹೊಸದಾಗಿ ನೆಡುವುದು 10 ಗಿಡ ಸಾಕು, ಆದರೆ ಹತ್ತಕ್ಕೂ ಪಂಜರ ಕಟ್ಟಿ. 5 ಅಡಿ ಎತ್ತರದ ವೆಲ್ಡ್ ಮೆಶ್ 16 ಅಡಿ ಕತ್ತರಿಸಿ ಸುತ್ತಿದರೆ ಸುಮಾರು 5 ಅಡಿ ಅಗಲದ ಪಂಜರವಾಗುತ್ತದೆ. ಎರಡು ಗೂಟ ಹೊಡೆದು ಬಿಗಿಯಿರಿ. ಬುಡಕ್ಕೆ ಸಣ್ಣ ಕಣ್ಣಿನ ಬಲೆ ಬೇರೆ ಬೇಕು, ಹಿಮದ ಅಡಿಯಲ್ಲಿ ಇಲಿಜಾತಿಯ ವೋಲ್‌ಗಳು ತೊಗಟೆ ಕೆರೆಯುತ್ತವೆ. ಚೆಸ್ಟ್‌ನಟ್, ಓಕ್‌ಗೆ 5 ಅಡಿಯ ಪ್ಲಾಸ್ಟಿಕ್ ಕೊಳವೆ ನಡೆಯುತ್ತದೆ. ಬಾಯಿಗೆ ಬಲೆ ಹಾಕಿ, ಇಲ್ಲದಿದ್ದರೆ ಹಕ್ಕಿ ಒಳಗೆ ಬಿದ್ದು ಸಾಯುತ್ತದೆ. ಕೊಳವೆಯಿಂದ ಗಿಡ ಹೊರಬಂತು ಅಂತ ಬೇಗ ಕಿತ್ತುಬಿಡಬೇಡಿ. ಅಜ್ಜ ತೋರಿಸಿದ ಇನ್ನೊಂದು ಗಿಡ ಮಣಿಕಟ್ಟಿನಷ್ಟು ದಪ್ಪವಿತ್ತು. ಗಂಡು ಜಿಂಕೆ ಕೊಂಬು ಉಜ್ಜಿ ಉಜ್ಜಿ ಮೊಣಕಾಲಿನಿಂದ ಸೊಂಟದವರೆಗೆ ತೊಗಟೆ ಸುಲಿದಿತ್ತು. ನಾರು ಜೋತಾಡುತ್ತಿತ್ತು, ಒಳಗಿನ ಬಿಳಿ ಇನ್ನೂ ಹಸಿ. ಹಿಂದಿನ ವಾರವಷ್ಟೇ ಅವರು ಕೊಳವೆ ತೆಗೆದಿದ್ದರಂತೆ. ಇಂಗ್ಲಿಷಿನಲ್ಲಿ ಏನೋ ಬೈದರು, ನನಗೆ ಪೂರ್ತಿ ತಿಳಿಯಲಿಲ್ಲ.

ಒಂದು ಎಚ್ಚರಿಕೆ. ಮರದಿಂದ ತಾನಾಗಿ ಬಿದ್ದ ಹಣ್ಣು ಬೇರೆ, ನೀವು ಬಕೆಟ್‌ನಲ್ಲಿ ತಂದು ಸುರಿದ ಹಣ್ಣು ಬೇರೆ. ಆಮಿಷ ಇಟ್ಟು ಹೊಡೆಯುವುದು ನಿಮ್ಮಲ್ಲಿ ಅಪರಾಧ. ಬೆಡ್‌ಫರ್ಡ್ ಕಡೆ ಜಿಂಕೆಗಳ ಮಿದುಳು ಹಾಳುಮಾಡುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗವೂ ಇದೆ. ಒಂದೇ ಕಡೆ ಮೂತಿ ಸೇರಿದಷ್ಟೂ ಅದು ಹರಡುತ್ತದೆ. ಹತ್ತು ಗಿಡವನ್ನು ಒಂದೇ ಕಡೆ ಗುಂಪು ಹಾಕದೆ ಅಲ್ಲಲ್ಲಿ ನೆಡಿ.

ಅಮ್ಮನ ಪ್ರಶ್ನೆ. ನಮ್ಮ ಮಲೆನಾಡಿನ ಹಿರಿಯರು ಏನು ಮಾಡುತ್ತಿದ್ದರು? ನೆಲ್ಲಿಕಾಯಿ, ತಾರೆಕಾಯಿ ಉದುರುವ ಮರ ನೋಡಿ ಮರಸು ಕೂರುತ್ತಿದ್ದರು, ಅಂದರೆ ಅಡಗಿ ಕೂತು ಬೇಟೆಗೆ ಕಾಯುತ್ತಿದ್ದರು. ಕಡವೆ, ಕಾಡುಕುರಿ ಬರುತ್ತಿದ್ದವು. ಅವರು ಮರ ಹುಡುಕಿದರು, ನೀವು ನೆಡುತ್ತಿದ್ದೀರಿ. ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. (1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಅದೆಲ್ಲ ಅಪರಾಧ. ಊರಿನ ಓದುಗರು ತಪ್ಪು ತಿಳಿಯಬಾರದು.) ನಾನು ಕೋವಿ ಹಿಡಿಯುವವನಲ್ಲ, ನಿಮ್ಮನ್ನು ಸಮರ್ಥಿಸಿ ಅಮ್ಮನನ್ನು ಒಪ್ಪಿಸಲಾರೆ. ಆದರೆ ಅಲ್ಲಿ ಜಿಂಕೆ ತಿನ್ನುವ ತೋಳ, ಕೂಗರ್ ಎಂಬ ದೊಡ್ಡ ಕಾಡುಬೆಕ್ಕು ಹೋಗಿ ನೂರು ವರ್ಷದ ಮೇಲಾಯಿತು. ಜಿಂಕೆ ಜಾಸ್ತಿಯಾಗಿ ಕಾಡಿನ ಎಳೆ ಸಸಿ ಉಳಿಯುತ್ತಿಲ್ಲ. ನಿಮ್ಮ 51 ಸಸಿಯೇ ಸಾಕ್ಷಿ. ಹಣ್ಣು ಹೆಚ್ಚಿಸಿ, ದೊಡ್ಡ ಕೊಂಬಿನ ಗಂಡೇ ಬೇಕೆಂದು ಹಟ ಹಿಡಿದು, ಹೆಣ್ಣನ್ನು ಹೊಡೆಯದೆ ಬಿಟ್ಟರೆ ತಿನ್ನುವ ಬಾಯಿಗಳನ್ನಷ್ಟೇ ಹೆಚ್ಚಿಸಿದ ಹಾಗೆ. ಮರ ನೆಡುವವರು ಹೆಣ್ಣು ಜಿಂಕೆ ಹೊಡೆಯುವ ಲೈಸೆನ್ಸನ್ನೂ ತೆಗೆದುಕೊಳ್ಳಬೇಕು. ಅಮ್ಮನಿಗೆ ಇದನ್ನು ಹೇಗೆ ಹೇಳುತ್ತೀರೋ ನೀವೇ ನೋಡಿ.

ಕೊನೆಗೆ ಪರ್ಸಿಮನ್. ನಮ್ಮ ಬೀಡಿ ಎಲೆ ಮರದ ನೆಂಟ. ಕಾಯಿಯಾಗಿದ್ದಾಗ ಕಚ್ಚಿದರೆ ಬಾಯಿ ಒಗರಿಗೆ ಅಂಟಿಕೊಳ್ಳುತ್ತದೆ. ಮೆತ್ತಗಾಗಿ ಉದುರಿದ ಮೇಲೆ ಬೆಲ್ಲದ ಹಾಗೆ. ಬೇಲಿಸಾಲಿನಲ್ಲಿ ಒಂದಷ್ಟು ಇವೆ, ಯಾವುದೂ ಕಾಯಿ ಬಿಡುತ್ತಿಲ್ಲ ಅಂತಲೂ ಬರೆದಿದ್ದೀರಿ. ಅವು ಗಂಡು ಮರಗಳಿರಬೇಕು. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ಜಾಯಿಕಾಯಿಯ ಹಾಗೆ. ಕಡಿಯಬೇಡಿ. ನಿಮ್ಮ ತಂದೆಯವರು ಮೇ ತಿಂಗಳಲ್ಲಿ ಅಲ್ಲಿಗೆ ಬರುತ್ತಾರಲ್ಲ, ಗಂಡು ಜಾಯಿಕಾಯಿಗೆ ಹೆಣ್ಣಿನ ಕಸಿ ಕಟ್ಟಿದ ಕೈ ಅವರದು. ಪರ್ಸಿಮನ್‌ಗೆ ತೊಗಟೆ ಕಸಿ ಕಟ್ಟುವುದೂ ಚಿಗುರು ಬಿಡುವ ಅದೇ ಹೊತ್ತಿನಲ್ಲಿ. ಗೊತ್ತಿರುವ ಹೆಣ್ಣು ಮರದ ಕಡ್ಡಿಯನ್ನು ಫೆಬ್ರವರಿಯಲ್ಲೇ ಕೊಯ್ದು, ಒದ್ದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಪಕ್ಕದಲ್ಲಿ ಸೇಬು ಮಾತ್ರ ಇಡಬೇಡಿ, ಅದರ ಗಾಳಿಗೆ ಕಡ್ಡಿಯ ಮೊಗ್ಗು ಸಾಯುತ್ತದೆ. ಒಂದೆರಡು ಗಂಡನ್ನು ಹಾಗೇ ಬಿಡಲು ತಂದೆಯವರಿಗೆ ನೆನಪಿಸಿ.